ಚಳಿ ಹಿಡಿಯುವ ಮುನ್ನ ಸಾವಯವ ಹಣ್ಣು-ತರಕಾರಿ ತೋಟ: ಯಾವ ಕೆಲಸ ಮೊದಲು, ಯಾವುದು ಆಮೇಲೆ

ಶರತ್ಕಾಲದ ಕೊನೆಯ ವಾರಗಳಲ್ಲಿ ತೋಟದಲ್ಲಿ ಏನೇನು ಮಾಡಬೇಕು ಎಂಬುದು ಹೆಚ್ಚಿನವರಿಗೆ ಗೊತ್ತು. ಕಸ ತೆಗೆಯಬೇಕು, ಗೊಬ್ಬರ ಹಾಕಬೇಕು, ಮಣ್ಣಿಗೆ ಹೊದಿಕೆ ಕೊಡಬೇಕು, ಬೆಳ್ಳುಳ್ಳಿ ಊರಬೇಕು, ಮರ ಸವರಬೇಕು. ಇಷ್ಟೆಲ್ಲ ಮಾಡಿಯೂ ವಸಂತ ಬಂದಾಗ ಬೆಳ್ಳುಳ್ಳಿ ಕೊಳೆತಿರುತ್ತದೆ, ಸೇಬಿನ ಸಸಿಯ ಬುಡದ ತೊಗಟೆಯನ್ನು ಇಲಿ ಸುತ್ತಲೂ ಕೆರೆದಿರುತ್ತದೆ, ಹೋದ ವರ್ಷದ ರೋಗವೇ ಹೊಸ ಚಿಗುರಿಗೂ ಹತ್ತಿರುತ್ತದೆ. ಮಾಡಿದ ಕೆಲಸ ಸರಿಯೇ, ಮಾಡಿದ ಕ್ರಮ ಸರಿಯಿಲ್ಲ. ರೋಗದ ಎಲೆಯನ್ನು ಆರಿಸುವ ಮೊದಲೇ ಹೊದಿಕೆ ಹಾಸಿದರೆ ರೋಗಕ್ಕೇ ಕಂಬಳಿ ಹೊದಿಸಿದಂತೆ. ಸುಣ್ಣವನ್ನೂ ಹಸಿ ಗೊಬ್ಬರವನ್ನೂ ಒಂದೇ ದಿನ ಹಾಕಿದರೆ ಗೊಬ್ಬರದ ಸಾರ ದಂಡ.

ಈ ಮಾರ್ಗದರ್ಶಿ ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟುವಷ್ಟು ಥಂಡಿ ಇರುವ ಪ್ರದೇಶಗಳ ತೋಟಕ್ಕೆ. ಉತ್ತರ ಗೋಲಾರ್ಧದಲ್ಲಿ ಇದು ಸುಮಾರಾಗಿ ಅಕ್ಟೋಬರ್ ಮತ್ತು ನವೆಂಬರ್, ದಕ್ಷಿಣದಲ್ಲಿ ಏಪ್ರಿಲ್ ಮತ್ತು ಮೇ.

## ಕ್ಯಾಲೆಂಡರ್ ಬಿಡಿ, ಈ ಐದು ಗುರುತು ನೋಡಿ

ಒಂದೇ ಊರಿನಲ್ಲಿ ಎರಡು ತೋಟಗಳಿಗೆ ಚಳಿ ಹತ್ತು ದಿನ ಹಿಂದುಮುಂದಾಗಿ ಬರಬಹುದು. ತಗ್ಗಿನ ತೋಟಕ್ಕೆ ತಣ್ಣನೆಯ ಗಾಳಿ ಇಳಿದು ನಿಲ್ಲುತ್ತದೆ, ಗೋಡೆ ಪಕ್ಕದ ಮಡಿ ಬೆಚ್ಚಗಿರುತ್ತದೆ. ಆದ್ದರಿಂದ ಕೆಲಸಗಳನ್ನು ತಾರೀಖಿಗೆ ಕಟ್ಟಬೇಡಿ, ಈ ಐದು ಗುರುತುಗಳಿಗೆ ಕಟ್ಟಿ:

1. ರಾತ್ರಿಯ ಉಷ್ಣತೆ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯತೊಡಗುವುದು.
2. ಮೊದಲ ಹಿಮದ ರಾತ್ರಿ, ಅಂದರೆ ಎಲೆಯ ಮೇಲಿನ ಇಬ್ಬನಿ ಬಿಳಿಯ ಹರಳಾಗಿ ಹೆಪ್ಪುಗಟ್ಟುವ ರಾತ್ರಿ.
3. ಹಣ್ಣಿನ ಮರಗಳ ಎಲೆ ಪೂರ್ತಿ ಉದುರುವುದು.
4. 10 ಸೆಂ.ಮೀ. ಆಳದಲ್ಲಿ ಮಣ್ಣಿನ ಉಷ್ಣತೆ 5 ಡಿಗ್ರಿಗೆ ಇಳಿಯುವುದು.
5. ಮಣ್ಣಿನ ಮೇಲ್ಪದರ ಬೆಳಗ್ಗೆ ಗಟ್ಟಿಯಾಗಿ, ಮಧ್ಯಾಹ್ನವಾದರೂ ಸಡಿಲವಾಗದಿರುವುದು.

ಮಣ್ಣಿಗೆ ಚುಚ್ಚುವ ಒಂದು ಥರ್ಮಾಮೀಟರ್ ಸಾಕು. ಬೆಳಗಿನ ಹೊತ್ತು ಒಂದೇ ಜಾಗದಲ್ಲಿ, ಒಂದೇ ಆಳದಲ್ಲಿ ನೋಡಿ ಬರೆದಿಡಿ.

## ಮೊದಲೇ ಹೊಂದಿಸಿಕೊಳ್ಳಬೇಕಾದ ಸಾಮಾನು

ಹರಿತವಾದ ಸಿಕೇಚರ್ (ಕೊಂಬೆ ಕತ್ತರಿಸುವ ಕತ್ತರಿ) ಮತ್ತು ಸವರುವ ಗರಗಸ, ಸನಿಕೆ, ಮಣ್ಣು ಸಡಿಲಿಸುವ ಮುಳ್ಳುಗುದ್ದಲಿ, ಎಲೆ ಎಳೆಯುವ ಹಲ್ಲುಕೋಲು. ಎರಡು ಬುಟ್ಟಿಗಳು ಬೇಕೇ ಬೇಕು, ಬೇರೆ ಬೇರೆ ಬಣ್ಣದವು: ಒಂದು ಒಳ್ಳೆಯ ಕಸಕ್ಕೆ, ಇನ್ನೊಂದು ರೋಗದ ಕಸಕ್ಕೆ. ಉಪಕರಣ ಒರೆಸಲು 70 ಶೇಕಡ ಆಲ್ಕೋಹಾಲ್ ಮತ್ತು ಬಟ್ಟೆ. 6 ಮಿ.ಮೀ. ಕಣ್ಣಿನ ತಂತಿ ಬಲೆ, ಮರಕ್ಕೆ ಸುತ್ತುವ ಅಂಟುಪಟ್ಟಿ, ಕೀಟನಾಶಕ ತಗಲದ ಒಣಹುಲ್ಲು, ಬೆಳೆಗೆ ಹೊದಿಸುವ ಫ್ಲೀಸ್ ಬಟ್ಟೆ.

ಒಣಹುಲ್ಲನ್ನೂ ಹೊರಗಿನಿಂದ ತಂದ ಕೊಟ್ಟಿಗೆ ಗೊಬ್ಬರವನ್ನೂ ಪರೀಕ್ಷಿಸದೆ ತೋಟದೊಳಗೆ ಬಿಡಬೇಡಿ. ಹುಲ್ಲುಗಾವಲಿಗೆ ಹೊಡೆಯುವ ಅಮಿನೋಪೈರಾಲಿಡ್‌ನಂತಹ ಕಳೆನಾಶಕಗಳು ದನದ ಹೊಟ್ಟೆಯನ್ನೂ ಗೊಬ್ಬರದ ಗುಂಡಿಯನ್ನೂ ದಾಟಿ ಉಳಿಯುತ್ತವೆ. ಪರೀಕ್ಷೆ ಸುಲಭ: ಗೊಬ್ಬರವನ್ನೋ ನುಣ್ಣಗೆ ಕತ್ತರಿಸಿದ ಹುಲ್ಲನ್ನೋ ಮಣ್ಣಿನೊಂದಿಗೆ ಬೆರೆಸಿ ಮೂರು ಕುಂಡಗಳಿಗೆ ತುಂಬಿ, ಇನ್ನು ಮೂರಕ್ಕೆ ಬರೀ ಮಣ್ಣು ಹಾಕಿ, ಎಲ್ಲದರಲ್ಲೂ ಹುರುಳಿಕಾಯಿ ಬೀಜ ಊರಿ ಮನೆಯೊಳಗೆ ಬೆಚ್ಚಗಿಡಿ. ಮೂರು ವಾರದಲ್ಲಿ ಗೊಬ್ಬರದ ಕುಂಡದ ಚಿಗುರೆಲೆ ಮಾತ್ರ ಬಟ್ಟಲಿನಂತೆ ಮಡಚಿ ಸುರುಟಿಕೊಂಡರೆ ಆ ಸರಕನ್ನು ತರಕಾರಿ ಮಡಿಯ ಹತ್ತಿರಕ್ಕೂ ತರಬೇಡಿ.

## ಹಂತ 1: ಹಿಮ ಬೀಳುವ ಮೊದಲು ಕೊಯ್ಯಬೇಕಾದ್ದನ್ನು ಮಾತ್ರ ಕೊಯ್ಯಿರಿ

ಗಾಬರಿಯಲ್ಲಿ ಎಲ್ಲವನ್ನೂ ಒಂದೇ ದಿನ ಕಿತ್ತುಹಾಕುವುದು ಇಲ್ಲಿನ ದೊಡ್ಡ ತಪ್ಪು. ಟೊಮೆಟೊ, ಬದನೆ, ದಪ್ಪ ಮೆಣಸಿನಕಾಯಿ, ಸೌತೆ, ಹುರುಳಿಕಾಯಿ ಒಂದೇ ಹಿಮಕ್ಕೆ ಕಪ್ಪಾಗಿ ಬಾಗುತ್ತವೆ. ಇವುಗಳನ್ನು ಮೊದಲ ಗುರುತು ಕಂಡಾಗಲೇ, ಅಂದರೆ ರಾತ್ರಿ 10 ಡಿಗ್ರಿ ಮುಟ್ಟಿದಾಗಲೇ ಬಿಡಿಸಿಕೊಳ್ಳಿ. ಹಸಿರು ಟೊಮೆಟೊ ಗಿಡದಲ್ಲೇ ಚಳಿ ಉಂಡರೆ ಆಮೇಲೆ ಮನೆಯೊಳಗಿಟ್ಟರೂ ರುಚಿಯಾಗಿ ಹಣ್ಣಾಗುವುದಿಲ್ಲ.

ಎಲೆಕೋಸಿನ ಜಾತಿಯ ಕೇಲ್ ಮತ್ತು ಮರಿಕೋಸು, ಈರುಳ್ಳಿ ಜಾತಿಯ ಲೀಕ್, ಕ್ಯಾರೆಟ್ ಜಾತಿಯ ಪಾರ್ಸ್ನಿಪ್ ಇವುಗಳ ಕಥೆ ಬೇರೆ. ಚಳಿ ತಡೆದುಕೊಳ್ಳಲು ಈ ಗಿಡಗಳು ತಮ್ಮೊಳಗೆ ಸಕ್ಕರೆ ಹೆಚ್ಚಿಸಿಕೊಳ್ಳುತ್ತವೆ. ಎರಡು ಮೂರು ಹಿಮ ಕಂಡ ಮೇಲೆ ಇವುಗಳ ರುಚಿಯೇ ಬೇರೆ, ಹಾಗಾಗಿ ನಿಲ್ಲಲಿ.

ಕುಂಬಳಕಾಯಿಯನ್ನು ಗಟ್ಟಿ ಹಿಮ ಬೀಳುವ ಮೊದಲು 5ರಿಂದ 10 ಸೆಂ.ಮೀ. ತೊಟ್ಟು ಬಿಟ್ಟು ಕತ್ತರಿಸಿ. ತೊಟ್ಟನ್ನೇ ಹಿಡಿಯಾಗಿ ಮಾಡಿಕೊಂಡು ಎತ್ತಬೇಡಿ. ತೊಟ್ಟು ಮುರಿದ ಜಾಗದಿಂದಲೇ ಕೊಳೆ ಒಳಗಿಳಿಯುತ್ತದೆ. ಸಿಪ್ಪೆ ಗಟ್ಟಿಯಾಗಲು 25ರಿಂದ 30 ಡಿಗ್ರಿ ಬಿಸಿಯಲ್ಲಿ ಸುಮಾರು ಹತ್ತು ದಿನ ಇಟ್ಟು, ಆಮೇಲೆ 10ರಿಂದ 13 ಡಿಗ್ರಿಯ ಒಣ ಕೋಣೆಗೆ ಸಾಗಿಸಿ. ಉಗುರು ಒತ್ತಿದರೆ ಸಿಪ್ಪೆಯೊಳಗೆ ಇಳಿಯಿತೆಂದರೆ ಆ ಕಾಯಿ ಕೂಡಿಡಲು ಬಾರದು, ಮೊದಲು ಅದನ್ನೇ ಅಡುಗೆಗೆ ತೆಗೆದುಕೊಳ್ಳಿ.

## ಹಂತ 2: ಕಸವನ್ನು ಎರಡು ಬುಟ್ಟಿಗೆ ಬೇರೆ ಮಾಡಿ

ಸಾವಯವ ತೋಟಗಾರನಿಗೆ ಮುಂದಿನ ವರ್ಷದ ರೋಗ ತಡೆಯುವ ಅತಿ ದೊಡ್ಡ ಅವಕಾಶ ಈ ಹಂತ. ಸಮಯ ಕೊಡುವುದಿದ್ದರೆ ಇಲ್ಲಿ ಕೊಡಿ.

ರೋಗದ ಬುಟ್ಟಿಗೆ ಹೋಗಬೇಕಾದವು. ಅಂಗಮಾರಿ ಬಂದ ಟೊಮೆಟೊ ಮತ್ತು ಆಲೂಗಡ್ಡೆ ಗಿಡ, ಬೇರು ಊದಿಕೊಂಡ ಕೋಸಿನ ಬುಡ, ಬಿಳಿ ಕೊಳೆ ಹತ್ತಿದ ಈರುಳ್ಳಿ ಮತ್ತು ಬೆಳ್ಳುಳ್ಳಿ, ಮರದಲ್ಲೇ ಒಣಗಿ ಸುಕ್ಕಾಗಿ ನೇತಾಡುವ ಹಣ್ಣು, ಬೀಜ ಕಟ್ಟಿದ ಕಳೆ, ಬೇರಿನ ತುಂಡಿನಿಂದಲೇ ಮರುಹುಟ್ಟುವ ಕಳೆ. ಇವು ಮನೆಯ ಸಾಧಾರಣ ಕಾಂಪೋಸ್ಟ್ ರಾಶಿಗೆ ಬೇಡ. ಆ ರಾಶಿ ಈ ಚಳಿಯಲ್ಲಿ ಬೇಕಾದಷ್ಟು ಕಾಯುವುದಿಲ್ಲ. ಊರಾಡಳಿತದ ಹಸಿರು ಕಸ ಸಂಗ್ರಹ ಇದ್ದರೆ ಅದಕ್ಕೆ ಕೊಡಿ, ಇಲ್ಲದಿದ್ದರೆ ಮಡಿಗಳಿಂದ ದೂರದಲ್ಲಿ ಆಳವಾಗಿ ಹೂಳಿ. ಕೋಸಿನ ಬೇರು ಊದಿಸುವ ಕ್ಲಬ್‌ರೂಟ್ ರೋಗದ ಬೀಜಕಣಗಳು ಮಣ್ಣಿನಲ್ಲಿ ಹದಿನೈದು ಇಪ್ಪತ್ತು ವರ್ಷ ಜೀವ ಹಿಡಿದಿರಬಲ್ಲವು. ಹಾಗಾಗಿ ಆ ಬೇರನ್ನು ತೋಟದೊಳಗೆ ಹೂಳುವುದೂ ಬೇಡ, ಹೊರಗೆ ಸಾಗಿಸಿ. ಆ ಮಡಿಯಲ್ಲಿ ಬಳಸಿದ ಸನಿಕೆ, ಬೂಟು ತೊಳೆಯದೆ ಬೇರೆ ಮಡಿಗೆ ಹೋಗಬೇಡಿ.

ಆಲೂಗಡ್ಡೆ ಮಡಿಯನ್ನು ಎರಡನೇ ಸಲ ಅಗೆದು ನೋಡಿ. ಅಂಗಮಾರಿಯ ಶಿಲೀಂಧ್ರದಂಥ ಜೀವಿ ಜೀವಂತ ಗಡ್ಡೆಯೊಳಗೆ ಚಳಿಗಾಲ ಕಳೆಯುತ್ತದೆ. ಗೋಲಿಯಷ್ಟು ಸಣ್ಣ ಗಡ್ಡೆ ಒಂದು ಉಳಿದರೂ ವಸಂತದಲ್ಲಿ ಅದು ತಾನಾಗಿ ಮೊಳೆತು, ರೋಗವನ್ನು ಎಲ್ಲರಿಗಿಂತ ಮೊದಲು ಹೊರಗೆ ತರುತ್ತದೆ.

ಒಳ್ಳೆಯ ಬುಟ್ಟಿಗೆ ಹೋಗಬೇಕಾದವು. ರೋಗವಿಲ್ಲದ ಎಲ್ಲವೂ. ಹುರುಳಿಕಾಯಿ, ಬಟಾಣಿ ಗಿಡಗಳನ್ನು ಕೀಳಬೇಡಿ, ನೆಲಮಟ್ಟಕ್ಕೆ ಕತ್ತರಿಸಿ ಬೇರನ್ನು ಮಣ್ಣಿನಲ್ಲೇ ಬಿಡಿ. ಆ ಬೇರು ಕೊಳೆತ ದಾರಿಯಲ್ಲೇ ಮುಂದಿನ ಬೆಳೆಯ ಬೇರು ಇಳಿಯುತ್ತದೆ. ಬೂದಿ ರೋಗ ಬಂದ ಕುಂಬಳದ ಎಲೆ ಹೆಚ್ಚೇನೂ ಅಪಾಯವಲ್ಲ, ಬಿಸಿಯೇರುವ ರಾಶಿಯ ನಡುವೆ ಸೇರಿಸಬಹುದು.

ಬಿಡಬೇಕಾದವೂ ಇವೆ. ತೋಟವನ್ನು ಗುಡಿಸಿ ಬೋಳು ಮಾಡಿದರೆ ಗಿಡದ ಹೇನು ತಿನ್ನುವ ಗುಲಗಂಜಿ ಹುಳ, ಬಸವನಹುಳುವಿನ ಮೊಟ್ಟೆ ತಿನ್ನುವ ನೆಲಜೀರುಂಡೆ ಎಲ್ಲಿ ಮಲಗಬೇಕು? ಅಂಚಿನಲ್ಲಿ ಆರೋಗ್ಯವಾದ ಹೂಗಿಡಗಳ ಟೊಳ್ಳು ಕಾಂಡಗಳನ್ನು 30ರಿಂದ 40 ಸೆಂ.ಮೀ. ಎತ್ತರಕ್ಕೆ ಹಾಗೇ ನಿಲ್ಲಿಸಿ. ಮೂಲೆಯಲ್ಲೊಂದು ಕಡ್ಡಿಯ ರಾಶಿ ಇರಲಿ.

ಹಲಗೆ, ಇಟ್ಟಿಗೆ, ಕುಂಡಗಳನ್ನು ಎತ್ತಿದಾಗ ಕೆಳಗೆ ಗಮನಿಸಿ. ಸಾಬೂದಾನಿ ಬೇಯಿಸಿದಂತೆ ಅರೆಪಾರದರ್ಶಕವಾದ ಸಣ್ಣ ಗುಂಡುಗಳು ಇಪ್ಪತ್ತು ಮೂವತ್ತು ಒಂದಕ್ಕೊಂದು ಅಂಟಿಕೊಂಡು ಮಣ್ಣಿನ ಸಂದಿನಲ್ಲಿ ಕೂತಿರುತ್ತವೆ. ಬೆರಳಲ್ಲಿ ಒತ್ತಿದರೆ ನೀರು ಚಿಮ್ಮುತ್ತದೆ. ಅವು ಗೊಂಡೆಹುಳುವಿನ, ಅಂದರೆ ಚಿಪ್ಪಿಲ್ಲದ ಬಸವನಹುಳುವಿನ ಮೊಟ್ಟೆ. ಕೆದಕಿ ಬಿಸಿಲಿಗೂ ಹಕ್ಕಿಗೂ ತೆರೆದಿಟ್ಟರೆ ಸಾಕು, ವಸಂತದ ಅರ್ಧ ಕಾಟ ಅಲ್ಲೇ ಮುಗಿಯುತ್ತದೆ.

## ಹಂತ 3: ಮಣ್ಣಿನ ಪರೀಕ್ಷೆ, ಸುಣ್ಣ, ಗೊಬ್ಬರ

ಮಡಿ ಖಾಲಿಯಾದ ಕೂಡಲೇ, ಏನನ್ನೂ ಹಾಕುವ ಮೊದಲೇ ಮಣ್ಣಿನ ಮಾದರಿ ತೆಗೆಯಿರಿ. ಗೊಬ್ಬರ ಹಾಕಿದ ಮೇಲೆ ತೆಗೆದ ಮಾದರಿ ಗೊಬ್ಬರದ ಲೆಕ್ಕ ಹೇಳುತ್ತದೆಯೇ ಹೊರತು ಮಣ್ಣಿನದಲ್ಲ. ಹತ್ತು ಹನ್ನೆರಡು ಕಡೆ 15 ಸೆಂ.ಮೀ. ಆಳದವರೆಗೆ ತೆಳ್ಳಗೆ ಕೆತ್ತಿ, ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಬೆರೆಸಿ, ನೆರಳಿನಲ್ಲಿ ಒಣಗಿಸಿ ಅರ್ಧ ಕಿಲೋದಷ್ಟು ಮಣ್ಣು ಪರೀಕ್ಷಾಲಯಕ್ಕೆ ಕಳಿಸಿದರೆ ಆಯಿತು. ತರಕಾರಿ ಮಡಿಗೂ ಹಣ್ಣಿನ ಮರಗಳ ಜಾಗಕ್ಕೂ ಬೇರೆ ಬೇರೆ ಮಾದರಿ ಇರಲಿ.

ಹೆಚ್ಚಿನ ತರಕಾರಿಗೆ ಪಿಎಚ್ (ಮಣ್ಣಿನ ಹುಳಿಯ ಅಳತೆ) 6.5ರ ಆಸುಪಾಸು ಹಿತ. ಅದಕ್ಕಿಂತ ಹುಳಿ ಇದ್ದರೆ ಸುಣ್ಣದ ಕಲ್ಲಿನ ಪುಡಿ ಹಾಕಲು ಇದೇ ಸರಿಯಾದ ಕಾಲ, ಏಕೆಂದರೆ ಅದು ಮಣ್ಣಿನಲ್ಲಿ ಕೆಲಸ ಮಾಡಲು ತಿಂಗಳುಗಳೇ ಬೇಕು. ಪ್ರಮಾಣವನ್ನು ವರದಿ ಹೇಳಿದಷ್ಟೇ ಹಾಕಿ. ಅದೇ ಪಿಎಚ್ ಇದ್ದರೂ ಜೇಡಿಮಣ್ಣಿಗೆ ಮರಳುಮಣ್ಣಿಗಿಂತ ಹೆಚ್ಚು ಸುಣ್ಣ ಬೇಕಾಗುತ್ತದೆ, ಅಂದಾಜಿನ ಮಾತು ನಡೆಯುವುದಿಲ್ಲ. ಮುಂದಿನ ವರ್ಷ ಕೋಸು ಬರುವ ಮಡಿಗೆ ಸುಣ್ಣ ಒಳ್ಳೆಯದು. ಆಲೂಗಡ್ಡೆ ಬರುವ ಮಡಿಗೆ ಹಾಕಿದರೆ ಗಡ್ಡೆಗೆ ಕಜ್ಜಿ. ಬ್ಲೂಬೆರಿ ಗಿಡದ ಹತ್ತಿರ ಸುಣ್ಣದ ಧೂಳೂ ಹಾರಬಾರದು, ಅದಕ್ಕೆ ಹುಳಿ ಮಣ್ಣೇ ಬೇಕು.

ಸುಣ್ಣ ಹಾಕಿದ ಮಡಿಗೆ ಕೆಲವು ವಾರ ಹಸಿ ಗೊಬ್ಬರ ಸೋಕಿಸಬೇಡಿ. ಎರಡೂ ಸೇರಿದರೆ ಗೊಬ್ಬರದಲ್ಲಿದ್ದ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಮೂಗಿಗೆ ಖಾರ ವಾಸನೆ ಹೊಡೆಯಿತೆಂದರೆ ಹಾಕಿದ ಗೊಬ್ಬರ ಹಾರಿಹೋಗುತ್ತಿದೆ ಎಂದೇ ಅರ್ಥ.

ಹಸಿ ಕೊಟ್ಟಿಗೆ ಗೊಬ್ಬರಕ್ಕೆ ಇನ್ನೊಂದು ಎಣಿಕೆಯೂ ಇದೆ. ಅಮೆರಿಕದ ಸಾವಯವ ನಿಯಮದಂತೆ ತಿನ್ನುವ ಭಾಗ ಮಣ್ಣಿಗೆ ತಾಗುವ ಬೆಳೆಗೆ ಗೊಬ್ಬರ ಸೇರಿಸಿದ ದಿನದಿಂದ ಕೊಯ್ಲಿಗೆ ಕನಿಷ್ಠ 120 ದಿನ, ತಾಗದ ಬೆಳೆಗೆ 90 ದಿನ ಅಂತರವಿರಬೇಕು. ಸೊಪ್ಪು, ಕ್ಯಾರೆಟ್, ಸ್ಟ್ರಾಬೆರಿ ಮೊದಲ ಗುಂಪಿಗೆ ಸೇರುತ್ತವೆ. ಪೂರ್ತಿ ಕಳಿತ ಕಾಂಪೋಸ್ಟ್ ಆದರೆ ಈ ಚಿಂತೆಯಿಲ್ಲ. 2ರಿಂದ 4 ಸೆಂ.ಮೀ. ದಪ್ಪಕ್ಕೆ ಮೇಲೆಯೇ ಹರಡಿ, ಅಗೆದು ಬೆರೆಸಬೇಡಿ, ಎರೆಹುಳು ಕೆಳಗೆಳೆದುಕೊಳ್ಳುತ್ತದೆ.

ಮಣ್ಣು ಒದ್ದೆಯಾಗಿರುವಾಗ ಮಡಿ ತುಳಿಯಬೇಡಿ. ಒಂದು ಹಿಡಿ ಮಣ್ಣನ್ನು ಮುದ್ದೆ ಕಟ್ಟಿ ಸೊಂಟದೆತ್ತರದಿಂದ ಬಿಡಿ. ಒಡೆದು ಚದುರಿದರೆ ಕೆಲಸ ಮಾಡಬಹುದು, ರೊಟ್ಟಿಯಂತೆ ಚಪ್ಪಟೆಯಾದರೆ ಆ ದಿನ ಬಿಟ್ಟುಬಿಡಿ.

## ಹಂತ 4: ಖಾಲಿ ಮಡಿಗೆ ಹೊದಿಕೆ ಬೆಳೆ

ಮಡಿ ಖಾಲಿಯಾದ ದಿನವೇ ಬಿತ್ತಿ, ಒಂದು ವಾರ ತಡವಾದರೂ ಚಳಿಗೆ ಮುಂಚೆ ನೆಲ ಮುಚ್ಚುವುದಿಲ್ಲ. ಹೇರಿ ವೆಚ್‌ನಂತಹ ಸಾರಜನಕ ಕೂಡಿಸುವ ಬಳ್ಳಿಗೆ ಹಿಮಕ್ಕೆ ಮುಂಚೆ ನಾಲ್ಕಾರು ವಾರ ಬೇಕು. ಆ ಹೊತ್ತು ಮೀರಿದ್ದರೆ ಅದರ ಆಸೆ ಬಿಟ್ಟು ಗೋಧಿಯಂಥ ಧಾನ್ಯವಾದ ರೈ ಬಿತ್ತಿ. ಮಣ್ಣು ಎರಡು ಮೂರು ಡಿಗ್ರಿ ಇದ್ದಾಗಲೂ ಅದು ಮೊಳೆಯಬಲ್ಲದು. ಚದರ ಮೀಟರಿಗೆ 12ರಿಂದ 18 ಗ್ರಾಂ ಬೀಜ ಚೆಲ್ಲಿ, 2 ಸೆಂ.ಮೀ. ಆಳಕ್ಕೆ ಹಲ್ಲುಕೋಲಿನಲ್ಲಿ ಕೆದಕಿ ಮುಚ್ಚಿ.

ರೈ ಬೆಳೆಸುವವರು ವಸಂತದಲ್ಲಿ ಎಡವುವುದು ಬೇರೆ ಕಡೆ. ಕತ್ತರಿಸಿ ಮಣ್ಣಿಗೆ ಸೇರಿಸಿದ ರೈ ಕೊಳೆಯುವಾಗ ಸಣ್ಣ ಬೀಜಗಳ ಮೊಳಕೆಯನ್ನು ತಡೆಯುತ್ತದೆ. ಸೇರಿಸಿದ ಮೇಲೆ ಮೂರು ವಾರವಾದರೂ ಕಾಯಿರಿ. ಕ್ಯಾರೆಟ್, ಲೆಟ್ಯೂಸ್ ಬಿತ್ತುವ ಮಡಿಗೆ ರೈ ಹಾಕದಿರುವುದೇ ಲೇಸು. ಸಸಿ ನಾಟಿ ಮಾಡುವ ಬೆಳೆಗೆ ತೊಂದರೆ ಕಡಿಮೆ.

## ಹಂತ 5: ಬೆಳ್ಳುಳ್ಳಿ ಊರುವುದು

ಮಣ್ಣು ಗಟ್ಟಿಯಾಗಿ ಹೆಪ್ಪುಗಟ್ಟುವುದಕ್ಕೆ ನಾಲ್ಕರಿಂದ ಆರು ವಾರ ಮುಂಚೆ ಊರಬೇಕು. ಬೇರು ಬಿಡಬೇಕು, ಚಿಗುರು ನೆಲದ ಮೇಲೆ ಹೆಚ್ಚು ಬರಬಾರದು, ಲೆಕ್ಕ ಇಷ್ಟೇ. ಮೊದಲೇ ಊರಿದರೆ ಮೊಳದುದ್ದ ಎಲೆ ಬಂದು ಚಳಿಗೆ ಸುಡುತ್ತದೆ. ತಡವಾದರೆ ಬೇರಿಲ್ಲದ ಎಸಳನ್ನು ಹೆಪ್ಪುಗಟ್ಟಿದ ಮಣ್ಣು ಮೇಲಕ್ಕೆ ನೂಕಿ ಹೊರಹಾಕುತ್ತದೆ.

ಬೀಜಕ್ಕೆಂದೇ ಬೆಳೆದ ಗಡ್ಡೆ ತನ್ನಿ. ಅಡುಗೆಗೆ ಮಾರುವ ಬೆಳ್ಳುಳ್ಳಿಯೊಂದಿಗೆ ಬಿಳಿ ಕೊಳೆ ರೋಗವೂ ಬರಬಹುದು, ಅದು ಒಮ್ಮೆ ಮಣ್ಣಿಗೆ ಸೇರಿದರೆ ವರ್ಷಗಟ್ಟಲೆ ಬಿಡುವುದಿಲ್ಲ. ಗಡ್ಡೆಯನ್ನು ಊರುವ ದಿನವೇ ಒಡೆಯಿರಿ, ಎಸಳಿನ ಸಿಪ್ಪೆ ಸುಲಿಯಬೇಡಿ. ಹೊರಸುತ್ತಿನ ದಪ್ಪ ಎಸಳುಗಳೇ ಬೀಜಕ್ಕೆ, ಸಣ್ಣವು ಅಡುಗೆಗೆ. ಜಿಪುಣತನ ಮಾಡಿ ಸಣ್ಣ ಎಸಳು ಊರಿದವರಿಗೆ ಸಣ್ಣ ಗಡ್ಡೆಯೇ ಸಿಗುವುದು.

ಚೂಪು ತುದಿ ಮೇಲೆ, ಚಪ್ಪಟೆ ಬುಡ ಕೆಳಗೆ. ತುದಿಯ ಮೇಲೆ 5 ಸೆಂ.ಮೀ. ಮಣ್ಣು ಇರಲಿ, ಚಳಿ ಜೋರಿರುವ ಕಡೆ 7ರಿಂದ 8. ಎಸಳಿನಿಂದ ಎಸಳಿಗೆ 15 ಸೆಂ.ಮೀ., ಸಾಲಿನಿಂದ ಸಾಲಿಗೆ 25ರಿಂದ 30. ನೀರು ನಿಲ್ಲುವ ಮಣ್ಣಾದರೆ ಏರು ಮಡಿ ಕಟ್ಟದೆ ಊರಲೇಬೇಡಿ. ಬೆಳ್ಳುಳ್ಳಿ ಕೊಳೆಯುವುದು ಚಳಿಯಿಂದಲ್ಲ, ನಿಂತ ನೀರಿನಿಂದ. ಚಳಿ ತಾಗದ ಬೆಳ್ಳುಳ್ಳಿ ಎಸಳಾಗಿ ಒಡೆಯದೆ ಒಂಟಿ ಗುಂಡಾಗಿ ಉಳಿಯುತ್ತದೆ, ಹಾಗಾಗಿ ಅದನ್ನು ಬೆಚ್ಚಗಿಡುವ ಪ್ರಯತ್ನವೂ ಬೇಡ.

## ಹಂತ 6: ತರಗೆಲೆ ಮತ್ತು ಕಾಂಪೋಸ್ಟ್ ರಾಶಿ

ತರಗೆಲೆಯನ್ನು ಎರಡು ಪಾಲು ಮಾಡಿ. ದೊಡ್ಡ ಪಾಲನ್ನು ತಂತಿ ಬಲೆಯಿಂದ ಮಾಡಿದ, ಒಂದು ಮೀಟರ್ ಉದ್ದ ಅಗಲದ ಗೂಡಿಗೆ ತುಂಬಿ, ತುಂಬುವಾಗಲೇ ನೀರು ಚಿಮುಕಿಸಿ ತುಳಿಯಿರಿ. ಒಣಗಿದ್ದಂತೆ ತುಂಬಿದ ಎಲೆ ಎರಡು ವರ್ಷವಾದರೂ ಎಲೆಯಾಗಿಯೇ ಇರುತ್ತದೆ. ಒದ್ದೆ ಮಾಡಿ ತುಂಬಿದ್ದು ಒಂದರಿಂದ ಎರಡು ವರ್ಷಕ್ಕೆ ಕಪ್ಪು ಪುಡಿಯಾಗುತ್ತದೆ. ಹುಲ್ಲು ಕತ್ತರಿಸುವ ಯಂತ್ರವನ್ನು ಎಲೆಯ ಮೇಲೆ ಒಂದು ಸಲ ಓಡಿಸಿದರೆ ಕೆಲಸ ಬೇಗ. ಅಕ್ರೋಟ್ ಮರದ ಎಲೆ ಬೇರೆ ಇರಲಿ, ಅದರಲ್ಲಿರುವ ಜುಗ್ಲೋನ್ ಟೊಮೆಟೊ ಗಿಡಕ್ಕೆ ವಿಷ.

ಉಳಿದ ಎಲೆ ಕಾಂಪೋಸ್ಟ್ ರಾಶಿಗೆ. ಅಳತೆಯಲ್ಲಿ ಎರಡು ಮೂರು ಬುಟ್ಟಿ ಒಣಗಿದ್ದಕ್ಕೆ ಒಂದು ಬುಟ್ಟಿ ಹಸಿರು ಅಥವಾ ಅಡುಗೆಮನೆ ಕಸ. ರಾಶಿ ಒಂದು ಘನ ಮೀಟರಿಗಿಂತ ಸಣ್ಣದಾದರೆ ಈ ಚಳಿಯಲ್ಲಿ ಕಾಯುವುದೇ ಇಲ್ಲ. ನಡುವಿನಿಂದ ಒಂದು ಹಿಡಿ ತೆಗೆದು ಹಿಂಡಿ: ಬೆರಳ ಸಂದಿನಲ್ಲಿ ಒಂದೆರಡು ಹನಿ ಕಂಡರೆ ಹದ ಸರಿ, ಧಾರೆ ಹರಿದರೆ ಒಣ ಎಲೆ ಸೇರಿಸಿ, ಪುಡಿ ಉದುರಿದರೆ ನೀರು. ಕೊಳೆತ ಮೊಟ್ಟೆಯ ವಾಸನೆ ಬಂದರೆ ಗಾಳಿ ಸಾಲದು, ತಿರುವಿ ಹಾಕಿ. ಮೇಲೆ ಮುಚ್ಚಳವಿಲ್ಲದ ರಾಶಿಯಲ್ಲಿರುವ ಸಾರವನ್ನು ಚಳಿಗಾಲದ ಮಳೆ ತೊಳೆದುಕೊಂಡು ಹೋಗುತ್ತದೆ.

## ಹಂತ 7: ಹಣ್ಣಿನ ಮರಗಳು

ಇಲ್ಲಿನ ಕೆಲಸಗಳು ಒಂದರ ಹಿಂದೆ ಒಂದು ಬರಬೇಕು.

ಮೊದಲು ಅಂಟುಪಟ್ಟಿ. ಚಳಿಗಾಲದ ಪತಂಗದ ಹೆಣ್ಣಿಗೆ ಹಾರಲು ರೆಕ್ಕೆಯಿಲ್ಲ. ಶರತ್ಕಾಲದ ಕೊನೆಗೆ ಮಣ್ಣಿನಿಂದೆದ್ದು ಕಾಂಡ ಹತ್ತಿ ಮೊಟ್ಟೆ ಇಡುತ್ತದೆ. ಆದ್ದರಿಂದ ಎಲೆ ಉದುರಲು ಕಾಯದೆ, ನೆಲದಿಂದ ಅರ್ಧ ಮೀಟರ್ ಮೇಲೆ ಅಂಟುಪಟ್ಟಿ ಸುತ್ತಿ. ತೊಗಟೆಯ ಬಿರುಕಿನಲ್ಲಿ ಸಂದು ಉಳಿಯದಂತೆ ಮೊದಲು ಮಣ್ಣು ಮೆತ್ತಿ ಸಮ ಮಾಡಿ. ಮರಕ್ಕೆ ಊರುಗೋಲು ಕಟ್ಟಿದ್ದರೆ ಅದಕ್ಕೂ ಪಟ್ಟಿ ಸುತ್ತಬೇಕು. ಅದನ್ನು ಮರೆತರೆ ಪತಂಗ ಕೋಲು ಹತ್ತಿ ಮರಕ್ಕೆ ದಾಟುತ್ತದೆ. ಪಟ್ಟಿಯ ಮೇಲೆ ಎಲೆ ಅಂಟಿ ಸೇತುವೆಯಾಗದಂತೆ ವಾರಕ್ಕೊಮ್ಮೆ ನೋಡಿ.

ಆಮೇಲೆ ಒಣಗಿದ ಹಣ್ಣು. ಎಲೆ ಉದುರಿದಾಗ ಕೊಂಬೆಯಲ್ಲಿ ಕಂದು ಬಣ್ಣದ ಸುಕ್ಕುಗಟ್ಟಿದ ಹಣ್ಣುಗಳು ಎದ್ದು ಕಾಣುತ್ತವೆ. ಕೆಲವದರ ಮೇಲೆ ಉಂಗುರ ಉಂಗುರವಾಗಿ ಬೂದು ಬಣ್ಣದ ಗುಳ್ಳೆಗಳ ಗುರುತು ಇನ್ನೂ ಇರುತ್ತದೆ. ಕಂದು ಕೊಳೆ ರೋಗ ಚಳಿಗಾಲ ಕಳೆಯುವುದು ಇವುಗಳಲ್ಲೇ. ತೊಟ್ಟು ಸಮೇತ, ಅಂಟಿಕೊಂಡ ಕಡ್ಡಿಯನ್ನೂ ಸೇರಿಸಿ ಕತ್ತರಿಸಿ. ನೆಲಕ್ಕೆ ಬಿದ್ದವನ್ನೂ ಆರಿಸಿ.

ಮೂರನೆಯದು ಉದುರಿದ ಎಲೆ. ಸೇಬಿನ ಕಜ್ಜಿ ರೋಗ ಬಿದ್ದ ಎಲೆಗಳಲ್ಲಿ ಕೂತಿದ್ದು, ವಸಂತದ ಮಳೆಗೆ ಬೀಜಕಣ ಚಿಮ್ಮಿಸುತ್ತದೆ. ಗುಡಿಸಿ ಬಿಸಿ ರಾಶಿಗೆ ಹಾಕಿ, ಆಗದಿದ್ದರೆ ಯಂತ್ರದಿಂದ ಚೂರು ಮಾಡಿ ಅಲ್ಲೇ ಬಿಡಿ. ಚೂರಾದ ಎಲೆ ಬೇಗ ಕೊಳೆಯುತ್ತದೆ, ಎರೆಹುಳುವಿಗೂ ಸುಲಭ.

ಕೊನೆಗೆ ಬುಡದ ರಕ್ಷಣೆ. ತಂತಿ ಬಲೆಯನ್ನು 45ರಿಂದ 60 ಸೆಂ.ಮೀ. ಎತ್ತರಕ್ಕೆ ಕೊಳವೆಯಂತೆ ಸುತ್ತಿ, ಕೆಳಗೆ 5ರಿಂದ 8 ಸೆಂ.ಮೀ. ಮಣ್ಣಿನೊಳಗೆ ಇಳಿಸಿ. ಹಿಮ ದಪ್ಪಗೆ ಬೀಳುವ ಕಡೆ ಎತ್ತರ ಹೆಚ್ಚಿರಲಿ, ಮೊಲ ಹಿಮದ ಮೇಲೆಯೇ ನಿಂತು ಮೇಯುತ್ತದೆ. ಬುಡದ ಸುತ್ತ 15 ಸೆಂ.ಮೀ. ಜಾಗದಲ್ಲಿ ಹುಲ್ಲಾಗಲಿ ಹೊದಿಕೆಯಾಗಲಿ ಇರಬಾರದು. ಅಲ್ಲಿ ಬೆಚ್ಚಗೆ ಗೂಡು ಮಾಡಿದ ಇಲಿ ಸುತ್ತಲೂ ತೊಗಟೆ ತಿಂದರೆ ಮರ ಉಳಿಯುವುದಿಲ್ಲ. ಎಳೆ ಮರದ ಕಾಂಡಕ್ಕೆ ಗೋಡೆಗೆ ಬಳಿಯುವ ಹದದಲ್ಲಿ ಸುಣ್ಣ ಬಳಿಯಿರಿ. ಹಗಲು ಬಿಸಿಲಿಗೆ ಕಾದ ತೊಗಟೆ ರಾತ್ರಿ ದಿಢೀರನೆ ಹೆಪ್ಪುಗಟ್ಟಿ ಸೀಳುವುದನ್ನು ಬಿಳಿ ಬಣ್ಣ ತಡೆಯುತ್ತದೆ.

ಸವರುವ ಕೆಲಸಕ್ಕೆ ಆತುರ ಬೇಡ. ಸೇಬು, ಪೇರು ಪೂರ್ತಿ ಎಲೆ ಉದುರಿಸಿ ನಿದ್ದೆಗೆ ಹೋದ ಮೇಲೆ ಸವರಬಹುದು, ಚಳಿ ತೀವ್ರವಿರುವ ಕಡೆ ಚಳಿಗಾಲದ ಕೊನೆಯವರೆಗೆ ಕಾಯುವುದು ಕ್ಷೇಮ. ಪ್ಲಮ್, ಚೆರ್ರಿ, ಏಪ್ರಿಕಾಟ್‌ಗಳಿಗೆ ಈಗ ಕತ್ತರಿ ಮುಟ್ಟಿಸಲೇಬೇಡಿ. ತೇವದ ಚಳಿಯಲ್ಲಿ ಅವುಗಳ ಗಾಯ ಮಾಯದೆ ಬೆಳ್ಳಿ ಎಲೆ ರೋಗ ಒಳಹೊಗುತ್ತದೆ, ಅವನ್ನು ಬೇಸಿಗೆಯಲ್ಲಿ ಸವರಬೇಕು. ಒಂದು ಮರದಿಂದ ಇನ್ನೊಂದಕ್ಕೆ ಹೋಗುವಾಗ ಅಲಗನ್ನು ಆಲ್ಕೋಹಾಲಿನಲ್ಲಿ ಒರೆಸಿಕೊಳ್ಳಿ.

## ಹಂತ 8: ಪೊದೆ ಹಣ್ಣು ಮತ್ತು ಸ್ಟ್ರಾಬೆರಿ

ರಾಸ್ಪ್‌ಬೆರಿಯಲ್ಲಿ ಎರಡು ಜಾತಿ ಇರುವುದನ್ನು ಮರೆತು ಒಂದು ವರ್ಷದ ಫಸಲನ್ನೇ ಕತ್ತರಿಸಿ ಎಸೆಯುವವರು ಬಹಳ. ಬೇಸಿಗೆಯಲ್ಲಿ ಕಾಯಿ ಬಿಡುವುದರಲ್ಲಿ ಈ ವರ್ಷ ಕಾಯಿ ಬಿಟ್ಟ, ಕಂದಾಗಿ ಸಿಪ್ಪೆ ಏಳುವ ಕಡ್ಡಿಗಳನ್ನು ಮಾತ್ರ ನೆಲಮಟ್ಟಕ್ಕೆ ತೆಗೆಯಿರಿ. ಹಸಿರು ಛಾಯೆಯ ಹೊಸ ಕಡ್ಡಿಯೇ ಮುಂದಿನ ವರ್ಷದ ಹಣ್ಣು, ಅವನ್ನು ತಂತಿಗೆ ಕಟ್ಟಿ. ಶರತ್ಕಾಲದಲ್ಲಿ ಕಾಯಿ ಬಿಡುವ ಜಾತಿಯನ್ನು ಚಳಿಗಾಲದ ಕೊನೆಗೆ ಪೂರ್ತಿ ಕತ್ತರಿಸಿದರೆ ಸಾಕು.

ಕಪ್ಪು ಕರೆಂಟ್ ಎಂಬ ಹಣ್ಣಿನ ಪೊದೆಯಲ್ಲಿ ಹಳೆಯ ಕಪ್ಪು ಕೊಂಬೆಗಳ ಮೂರನೇ ಒಂದು ಭಾಗವನ್ನು ಬುಡದಿಂದ ತೆಗೆಯಿರಿ. ಎಳೆಯ ಕಡ್ಡಿಯಿಂದ 20ರಿಂದ 30 ಸೆಂ.ಮೀ. ತುಂಡು ಮಾಡಿ ಮೂರನೇ ಎರಡು ಭಾಗ ಮಣ್ಣಿನಲ್ಲಿ ಊರಿದರೆ ಮುಂದಿನ ವರ್ಷಕ್ಕೆ ಸಸಿ.

ಸ್ಟ್ರಾಬೆರಿಗೆ ಈಗ ಒಣಗಿದ ಎಲೆ, ಹಬ್ಬಿದ ಬಳ್ಳಿ ತೆಗೆದರೆ ಆಯಿತು, ಹೊದಿಕೆ ಇನ್ನೂ ಹಾಕಬೇಡಿ.

## ಹಂತ 9: ಹೊದಿಕೆ ಹಾಸುವುದು, ಮಣ್ಣು ತಣಿದ ಮೇಲೆಯೇ

ಅತಿ ಹೆಚ್ಚು ಜನ ಅವಸರ ಮಾಡುವ ಹಂತ ಇದು. ಹೊದಿಕೆ ಬಿಸಿ ಕೊಡುವುದಿಲ್ಲ, ಇರುವುದನ್ನು ಇದ್ದಂತೆ ಹಿಡಿದಿಡುತ್ತದೆ. ಮಣ್ಣು ಬೆಚ್ಚಗಿರುವಾಗ ಹಾಸಿದರೆ ಗಿಡ ನಿದ್ದೆಗೆ ಹೋಗದೆ ಚಿಗುರುತ್ತಲೇ ಇರುತ್ತದೆ, ಇಲಿಗಳೂ ಅಲ್ಲೇ ಮನೆ ಮಾಡುತ್ತವೆ. ಮಣ್ಣು ತಣಿದ ಮೇಲೆ ಹಾಸಿದರೆ ಹಗಲು ಕರಗಿ ರಾತ್ರಿ ಹೆಪ್ಪುಗಟ್ಟುವ ಏರಿಳಿತ ತಪ್ಪುತ್ತದೆ. ಬೇರನ್ನು ಕಿತ್ತು ಮೇಲೆತ್ತುವುದು ಆ ಏರಿಳಿತವೇ.

ಹಾಗಾಗಿ ನಾಲ್ಕನೆಯ ಗುರುತಿಗೆ ಕಾಯಿರಿ. ಕೆಲವು ಗಟ್ಟಿ ಹಿಮ ಕಂಡು, ಮಣ್ಣು 5 ಡಿಗ್ರಿ ಮುಟ್ಟಿದಾಗ ಸ್ಟ್ರಾಬೆರಿಗೆ 5ರಿಂದ 10 ಸೆಂ.ಮೀ. ಸಡಿಲ ಒಣಹುಲ್ಲು. ಬೆಳ್ಳುಳ್ಳಿಗೆ ಮೇಲ್ಮಣ್ಣು ಗಟ್ಟಿಯಾಗತೊಡಗಿದಾಗ 10ರಿಂದ 15 ಸೆಂ.ಮೀ. ಹೊದಿಕೆ. ಚೂರು ಮಾಡದ ಇಡೀ ತರಗೆಲೆಯನ್ನು ದಪ್ಪಗೆ ಹಾಸಬೇಡಿ, ಒದ್ದೆಯಾದಾಗ ಅದು ಚಾಪೆಯಂತೆ ಅಂಟಿ ಗಾಳಿ ಕಟ್ಟುತ್ತದೆ. ಚೂರು ಮಾಡಿಯೇ ಹಾಸಿ.

ನಿಂತಿರುವ ಸೊಪ್ಪಿಗೆ ಫ್ಲೀಸ್ ಹೊದಿಸುವುದಾದರೆ ಕಮಾನು ನಿಲ್ಲಿಸಿ ಅದರ ಮೇಲೆ ಹೊದಿಸಿ. ಎಲೆಗೆ ತಾಗಿದ ಕಡೆ ಬಟ್ಟೆಯ ಮೂಲಕವೇ ಹಿಮ ಸುಡುತ್ತದೆ. ಚದರ ಮೀಟರಿಗೆ 17 ಗ್ರಾಂ ತೂಕದ ತೆಳು ಬಟ್ಟೆ ಎರಡು ಡಿಗ್ರಿಯಷ್ಟು ಕಾಪಾಡೀತು, ಅಷ್ಟೇ.

## ಹಂತ 10: ಗಡ್ಡೆ ಮತ್ತು ಹಣ್ಣಿನ ದಾಸ್ತಾನು

ಕ್ಯಾರೆಟ್, ಬೀಟ್‌ರೂಟ್ ಕೊನೆಯವರೆಗೆ ಮಣ್ಣಿನಲ್ಲಿರಲಿ, ನೆಲ ಗಟ್ಟಿಯಾಗುವ ಮೊದಲು ಅಗೆಯಿರಿ. ತೊಳೆಯಬೇಡಿ, ಮಣ್ಣು ಕೊಡವಿ. ಬೀಟ್‌ರೂಟಿನ ಸೊಪ್ಪನ್ನು 3 ಸೆಂ.ಮೀ. ಬಿಟ್ಟು ತಿರುಚಿ ತೆಗೆಯಿರಿ, ಬುಡಕ್ಕೆ ಕತ್ತರಿಸಿದರೆ ಬಣ್ಣದ ರಸ ಸೋರುತ್ತದೆ. ಪೆಟ್ಟಿಗೆಯಲ್ಲಿ ತುಸು ತೇವದ ಮರಳು ಒಂದು ಪದರ, ಗಡ್ಡೆ ಒಂದು ಪದರ, ಒಂದಕ್ಕೊಂದು ತಾಗದಂತೆ. 0ರಿಂದ 4 ಡಿಗ್ರಿ ಇರುವ ಜಾಗ ಉತ್ತಮ.

ಆಲೂಗಡ್ಡೆ ಎರಡು ವಾರ ಕತ್ತಲಲ್ಲಿ 10ರಿಂದ 15 ಡಿಗ್ರಿಯಲ್ಲಿದ್ದು ಸಿಪ್ಪೆ ಗಟ್ಟಿ ಮಾಡಿಕೊಳ್ಳಲಿ, ಆಮೇಲೆ 4ರಿಂದ 7 ಡಿಗ್ರಿಗೆ. ಬೆಳಕು ಬಿದ್ದು ಹಸಿರಾದದ್ದು ತಿನ್ನಬಾರದು. ಸೇಬನ್ನು ಕ್ಯಾರೆಟ್ ಇಟ್ಟ ಕೋಣೆಯಲ್ಲಿ ಇಡಬೇಡಿ. ಸೇಬು ಬಿಡುವ ಎಥಿಲೀನ್ ಅನಿಲಕ್ಕೆ ಕ್ಯಾರೆಟ್ ಕಹಿಯಾಗುತ್ತದೆ. ಚುಕ್ಕೆ, ಪೆಟ್ಟು, ತೂತು ಇರುವ ಒಂದೇ ಒಂದು ಹಣ್ಣೂ ದಾಸ್ತಾನಿಗೆ ಹೋಗಬಾರದು.

## ಹಂತ 11: ನೀರಿನ ಕೊಳವೆ, ಉಪಕರಣ

ನೀರು ಹೆಪ್ಪುಗಟ್ಟಿದಾಗ ಗಾತ್ರದಲ್ಲಿ ಸುಮಾರು 9 ಶೇಕಡ ಹಿಗ್ಗುತ್ತದೆ. ನಲ್ಲಿ, ಡ್ರಿಪ್ ಕೊಳವೆ, ಮಳೆನೀರಿನ ಪೀಪಾಯಿ, ಪಂಪು ಎಲ್ಲದರಿಂದಲೂ ನೀರು ಖಾಲಿ ಮಾಡಿ. ಡ್ರಿಪ್ ಸಾಲುಗಳ ತುದಿ ಮುಚ್ಚಳ ತೆಗೆದು, ನೀರು ತಿಳಿಯಾಗಿ ಬರುವವರೆಗೆ ಹರಿಸಿ, ಆಮೇಲೆ ಬರಿದು ಮಾಡಿ. ಹೊರಗಿನ ನಲ್ಲಿಗೆ ನೀರು ಬಿಡುವ ಮನೆಯೊಳಗಿನ ಕವಾಟ ಮುಚ್ಚಿ, ಹೊರಗಿನ ನಲ್ಲಿಯನ್ನು ತೆರೆದೇ ಬಿಡಿ.

ಉಪಕರಣಗಳ ಮಣ್ಣು ತೊಳೆದು, ತಂತಿ ಬ್ರಷ್‌ನಿಂದ ತುಕ್ಕು ಉಜ್ಜಿ, ಅಲಗು ಮಸೆದು ಎಣ್ಣೆ ಹಚ್ಚಿ. ಮರದ ಹಿಡಿಗೆ ಅಗಸೆ ಎಣ್ಣೆ ಒಳ್ಳೆಯದು. ಆದರೆ ಅಗಸೆ ಎಣ್ಣೆ ನೆಂದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ಒಣಗುವಾಗ ತಾನಾಗಿ ಬಿಸಿಯಾಗಿ ಬೆಂಕಿ ಹತ್ತಿಕೊಳ್ಳಬಲ್ಲದು. ಬಯಲಿನಲ್ಲಿ ಹರವಿ ಪೂರ್ತಿ ಒಣಗಿಸಿ, ಆಮೇಲೆ ಕಸಕ್ಕೆ ಹಾಕಿ.

## ಚಳಿಗಾಲದ ನಡುವೆ ಕಣ್ಣಿಡಬೇಕಾದ ಗುರುತುಗಳು

ಬೆಳ್ಳುಳ್ಳಿ ಎಸಳು ಮಣ್ಣಿನ ಮೇಲೆ ಇಣುಕಿದರೆ, ಬೆರಳಲ್ಲಿ ಒತ್ತಿ ಬೇರು ಮುರಿಯಬೇಡಿ, ಮೇಲೆ ಮಣ್ಣು ಏರಿಸಿ. ಮರದ ಬುಡದ ಹುಲ್ಲಿನಲ್ಲಿ ಎರಡು ಬೆರಳಗಲದ ಓಡುದಾರಿ ಕಂಡರೆ ಇಲಿ ಬಂದಿದೆ, ಅಂದೇ ಬಲೆ ಸರಿಪಡಿಸಿ. ಹಿಮ ಮೆತ್ತಿಕೊಂಡ ಕೊಂಬೆಯನ್ನು ಕೆಳಗಿನಿಂದ ಮೇಲಕ್ಕೆ ಮೆಲ್ಲನೆ ತಟ್ಟಿ, ಮೇಲಿಂದ ಎಳೆದರೆ ಸೀಳುತ್ತದೆ. ದಾಸ್ತಾನಿನ ಪೆಟ್ಟಿಗೆಗಳನ್ನು ವಾರಕ್ಕೊಮ್ಮೆ ಮೂಸಿ ನೋಡಿ. ಹುಳಿ ವಾಸನೆ ಬಂದ ಪೆಟ್ಟಿಗೆಯನ್ನು ಪೂರ್ತಿ ಸುರಿದು, ಕೊಳೆತದ್ದನ್ನೂ ಅದಕ್ಕೆ ತಾಗಿದ್ದನ್ನೂ ತೆಗೆದು, ಹೊಸ ಮರಳು ಹಾಕಿ ಮತ್ತೆ ಜೋಡಿಸಿ.